ಯಂತ್ರ ಕೊಂಡರೆ ಅಳತೆ ಬಂದೀತೆ? ರಾಸಾಯನಿಕ ಮಾಪನಕ್ಕೆ ದೇಶವೊಂದು ಏಕೆ ಹಣ ಹಾಕಬೇಕು

2008ರಲ್ಲಿ ಚೀನಾದಲ್ಲಿ ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆತ ಹಾಲಿನ ಪುಡಿಯಿಂದ ಸುಮಾರು ಮೂರು ಲಕ್ಷ ಶಿಶುಗಳು ಕಾಯಿಲೆ ಬಿದ್ದವು, ಆರು ಮಕ್ಕಳು ತೀರಿಕೊಂಡವು. ಆ ಹಾಲು ಪ್ರೋಟೀನ್ ಪರೀಕ್ಷೆಯಲ್ಲಿ ಪಾಸಾಗಿಯೇ ಮುಂದೆ ಹೋಗಿತ್ತು. ಪಾಸಾಗಲು ಯಂತ್ರ ಕೆಡಬೇಕಿರಲಿಲ್ಲ, ಲ್ಯಾಬಿನವರು ಕೈತಪ್ಪು ಮಾಡಬೇಕಿರಲಿಲ್ಲ. ಆ ಪರೀಕ್ಷೆಗೆ ಬಳಸುವ ಕೆಲ್ಡಾಲ್ ವಿಧಾನ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಮಾದರಿಯನ್ನು ಗಾಢ ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನು ಅಮೋನಿಯಾ ಮಾಡಿ, ಬಟ್ಟಿ ಇಳಿಸಿ, ಟೈಟ್ರೇಷನ್ ಮಾಡಿ, ಬಂದ ಅಂಕಿಯನ್ನು ಹಾಲಿನ ಮಟ್ಟಿಗೆ 6.38ರಿಂದ ಗುಣಿಸುತ್ತಾರೆ. ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಹಾಗಾಗಿ ಒಂದು ಗ್ರಾಂ ಮೆಲಮೈನ್ ಈ ಲೆಕ್ಕದಲ್ಲಿ ಸುಮಾರು 4.25 ಗ್ರಾಂ ಪ್ರೋಟೀನ್ ಆಗಿ ಕಾಣುತ್ತದೆ. ಹಾಲಿಗೆ ನೀರು ಸುರಿದು ಮೆಲಮೈನ್ ಬೆರೆಸಿದವರಿಗೆ ಈ ಗುಣಾಕಾರ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಅಳತೆ ನಿಖರವಾಗಿತ್ತು, ಎಷ್ಟು ಸಲ ಮಾಡಿದರೂ ಅದೇ ಅಂಕಿ ಬರುತ್ತಿತ್ತು. ಕೇಳಿದ ಪ್ರಶ್ನೆಗೂ ಅಳೆದ ವಸ್ತುವಿಗೂ ಸಂಬಂಧ ಕಡಿದಿತ್ತು, ಅಷ್ಟೇ. ಇಂಥ ಪ್ರಸಂಗಗಳು ಬಯಲಾದಾಗ ಸರ್ಕಾರಗಳು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಹೊಸ ಯಂತ್ರಗಳಿಗೆ ಟೆಂಡರ್ ಕರೆಯುವುದು. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬರುತ್ತದೆ, ರಿಬ್ಬನ್ ಕತ್ತರಿಸಲಾಗುತ್ತದೆ, ಫೋಟೊ ಬರುತ್ತದೆ. ಆದರೆ ಯಂತ್ರ ಕೊಡುವುದು ಒಂದು ಸಂಕೇತವನ್ನು ಮಾತ್ರ, ಪರದೆಯ ಮೇಲಿನ ಒಂದು ಶಿಖರದ ವಿಸ್ತೀರ್ಣವನ್ನು. ಆ ಶಿಖರವನ್ನು ‘ಕೆಜಿಗೆ 8 ಮೈಕ್ರೊಗ್ರಾಂ’ ಎಂಬ, ನ್ಯಾಯಾಲಯದಲ್ಲಿ ನಿಲ್ಲುವ ಮಾತಾಗಿ ಬದಲಿಸುವುದು ಯಂತ್ರದ ಹೊರಗಿರುವ ವ್ಯವಸ್ಥೆ. ದೇಶವೊಂದು ಹಣ ಹಾಕಬೇಕಾದದ್ದು ಆ ವ್ಯವಸ್ಥೆಗೆ. ಅದನ್ನು ಮಾರುಕಟ್ಟೆ ತಾನಾಗಿ ಕಟ್ಟಿಕೊಡುವುದಿಲ್ಲ.

ಅಂಕಿಯ ಹಿಂದೆ ಏನಿರುತ್ತದೆ

ಕುಡಿಯುವ ನೀರಿನಲ್ಲಿ ಸೀಸದ ಉದಾಹರಣೆ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ ಲೀಟರಿಗೆ 10 ಮೈಕ್ರೊಗ್ರಾಂ. ಲ್ಯಾಬ್ 9 ಎಂದು ವರದಿ ಕೊಟ್ಟಿತು ಎನ್ನಿ. ಆ 9 ಬಂದದ್ದು ಗೊತ್ತಿರುವ ಸೀಸದ ದ್ರಾವಣದೊಂದಿಗೆ ಹೋಲಿಸಿ. ಆ ದ್ರಾವಣದ ಬಾಟಲಿ ಮೇಲೆ ‘ಲೀಟರಿಗೆ 1000 ಮಿ.ಗ್ರಾಂ’ ಎಂದು ಬರೆದಿದೆ. ಬರೆದವರು ಯಾರು? ತಯಾರಕ ಕಂಪನಿ. ಅದಕ್ಕೆ ಹೇಗೆ ಗೊತ್ತು? ರಾಷ್ಟ್ರೀಯ ಮಾಪನ ಸಂಸ್ಥೆಯ ದ್ರಾವಣದೊಂದಿಗೆ ಹೋಲಿಸಿದ್ದರಿಂದ. ಆ ಸಂಸ್ಥೆಗೆ ಹೇಗೆ ಗೊತ್ತು? ಅಲ್ಲಿಗೆ ಬಂದಾಗ ನಿಜವಾದ ಕೆಲಸ ಶುರುವಾಗುತ್ತದೆ. ಅತಿ ಶುದ್ಧ ಸೀಸದ ತುಂಡೊಂದನ್ನು ತೆಗೆದುಕೊಂಡು, ಅದರಲ್ಲಿ ಇರಬಹುದಾದ ಹತ್ತಾರು ಬೇರೆ ಧಾತುಗಳನ್ನು ಒಂದೊಂದಾಗಿ ಅಳೆದು, ಅವುಗಳ ಮೊತ್ತವನ್ನು ನೂರರಿಂದ ಕಳೆದು ಶುದ್ಧತೆ ಕಂಡುಹಿಡಿಯುತ್ತಾರೆ. ಲೋಹದ ಮೇಲ್ಮೈಯ ಆಕ್ಸೈಡ್ ಪೊರೆಯನ್ನು ಆಮ್ಲದಲ್ಲಿ ತೊಳೆದು, ತೂಗಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಮುಂದೆ ತೆಳುಗೊಳಿಸುವುದೆಲ್ಲ ತೂಕದ ಲೆಕ್ಕದಲ್ಲೇ, ಫ್ಲಾಸ್ಕಿನ ಗೀಟು ನೋಡಿ ಅಲ್ಲ. ಕೋಣೆಯ ತಾಪಮಾನ ಐದು ಡಿಗ್ರಿ ಬದಲಾದರೆ ನೀರಿನ ಗಾತ್ರ ಸುಮಾರು ಶೇ 0.1ರಷ್ಟು ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ತೂಕದಲ್ಲೂ ಒಂದು ಕಿರುಕುಳ ಇದ್ದೇ ಇದೆ: ಗಾಳಿ ವಸ್ತುವನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ. ನೀರಿನಷ್ಟು ಸಾಂದ್ರತೆಯ ದ್ರವವನ್ನು ತೂಗುವಾಗ ಈ ತೇಲುವಿಕೆಯನ್ನು ಸರಿಪಡಿಸದಿದ್ದರೆ ಮತ್ತೆ ಶೇ 0.1 ತಪ್ಪು. ಈ ಸರಪಳಿಯ ತುದಿಯಲ್ಲಿ ಕಿಲೊಗ್ರಾಂ ಮತ್ತು ಮೋಲ್ ಇವೆ. 2019ರ ಮೇ 20ರಿಂದ ಮೋಲ್ ಎಂದರೆ 6.02214076×10²³ ಕಣಗಳು, ಇಷ್ಟೇ. ಯಾವ ವಸ್ತುವಿನ ತೂಕಕ್ಕೂ ಅದು ಕಟ್ಟುಬಿದ್ದಿಲ್ಲ.

ಲೋಹದ ಕಥೆ ಇಷ್ಟು ಸಲೀಸು. ಸಾವಯವ ಸಂಯುಕ್ತಗಳಲ್ಲಿ ತೊಡಕು ಜಾಸ್ತಿ. ಕೀಟನಾಶಕವೋ ಔಷಧವೋ ಹಾರ್ಮೋನೋ, ಬಾಟಲಿ ಮೇಲೆ ‘ಶುದ್ಧತೆ ಶೇ 99’ ಎಂದಿದ್ದರೆ ಅದು ಹೆಚ್ಚಿನ ವೇಳೆ, ಮಿಶ್ರಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹಾಯಿಸಿ ಘಟಕಗಳನ್ನು ಬೇರ್ಪಡಿಸುವ ದ್ರವ ಕ್ರೊಮ್ಯಾಟೊಗ್ರಫಿಯಲ್ಲಿ ಕಂಡ ಶಿಖರಗಳ ಪೈಕಿ ಮುಖ್ಯ ಶಿಖರದ ಪಾಲು. ನೀರು, ಉಳಿದ ದ್ರಾವಕ, ಉಪ್ಪು ಇವು ಅದರ ನೇರಳಾತೀತ ಡಿಟೆಕ್ಟರಿಗೆ ಕಾಣುವುದೇ ಇಲ್ಲ. ಪುಡಿ ಗಾಳಿಯ ತೇವ ಹೀರಿ ಶೇ 8ರಷ್ಟು ನೀರಾಗಿದ್ದರೆ, 10 ಮಿ.ಗ್ರಾಂ ತೂಗಿದಾಗ ಸಿಕ್ಕಿದ್ದು 9.2 ಮಿ.ಗ್ರಾಂ ಮಾತ್ರ. ಅದನ್ನು 10 ಎಂದು ನಂಬಿದ ಪ್ರತಿಯೊಂದು ಲ್ಯಾಬೂ ಆಮೇಲೆ ಅಳೆಯುವ ಪ್ರತಿ ಮಾದರಿಯಲ್ಲೂ ಶೇ 8.7 ಹೆಚ್ಚು ತೋರಿಸುತ್ತದೆ. ಹತ್ತು ಸಲ ಮಾಡಿದರೂ ಅದೇ ತಪ್ಪು ಅಂಕಿ, ಅಚ್ಚುಕಟ್ಟಾಗಿ. ಇದನ್ನು ಹಿಡಿಯಲು ಕಾರ್ಲ್ ಫಿಷರ್ ಟೈಟ್ರೇಷನ್‌ನಲ್ಲಿ ನೀರು, ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ದ್ರಾವಕ, ಸುಟ್ಟು ಉಳಿದ ಬೂದಿಯಲ್ಲಿ ನಿರವಯವ ಅಂಶ, ಎರಡು ಬೇರೆ ಬೇರೆ ಕಾಲಮ್‌ಗಳಲ್ಲಿ ಸಂಬಂಧಿತ ಕಲ್ಮಶ ಎಂದು ಎಲ್ಲವನ್ನೂ ಅಳೆದು ಕಳೆಯಬೇಕು. ಜತೆಗೆ, ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಅಳೆಯುವ ಪರಿಮಾಣಾತ್ಮಕ ಎನ್‌ಎಂಆರ್‌ನಲ್ಲಿ ಇನ್ನೊಂದು ಗೊತ್ತಿರುವ ವಸ್ತುವಿನ ಹೈಡ್ರೋಜನ್ ಸಂಕೇತದೊಂದಿಗೆ ಹೋಲಿಸಿ, ಎರಡೂ ದಾರಿಯಲ್ಲಿ ಒಂದೇ ಉತ್ತರ ಬರುತ್ತದೆಯೇ ನೋಡಬೇಕು. ಒಂದು ವಸ್ತುವಿಗೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇದನ್ನು ಪ್ರತಿ ಲ್ಯಾಬೂ ತಾನೇ ಮಾಡಲಾಗದು. ಯಾರಾದರೂ ಒಬ್ಬರು ಸರಿಯಾಗಿ ಮಾಡಿಟ್ಟರೆ ಎಲ್ಲರಿಗೂ ಸಾಕು. ರಸ್ತೆ, ಸೇತುವೆಗಳಿಗೆ ಸಾರ್ವಜನಿಕ ಹಣ ಹಾಕುವುದರ ಹಿಂದಿನ ತರ್ಕವೇ ಇಲ್ಲಿಯೂ ಇರುವುದು.

ಈ ಸರಪಳಿಯಲ್ಲಿ ಅತಿ ಬಲವಾದ ಕೊಂಡಿ ಎಂದರೆ ಐಸೋಟೋಪ್ ಡೈಲ್ಯೂಷನ್. ಐದು ಗ್ರಾಂ ಮಾದರಿಗೆ, ಹುಡುಕುತ್ತಿರುವ ಅದೇ ಅಣುವಿನ ಕಾರ್ಬನ್-13 ಗುರುತಿರುವ ರೂಪವನ್ನು 50 ನ್ಯಾನೊಗ್ರಾಂ ಸೇರಿಸಿ, ಚೆನ್ನಾಗಿ ಬೆರೆಸಿ, ಆಮೇಲೆ ಸೋಸುವುದು, ಶುದ್ಧಿ ಮಾಡುವುದು, ಅಳೆಯುವುದು. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಸಹಜ ಅಣುವಿಗೂ ಗುರುತಿನ ಅಣುವಿಗೂ 0.8 ಅನುಪಾತ ಬಂದರೆ ಮಾದರಿಯಲ್ಲಿದ್ದದ್ದು 40 ನ್ಯಾನೊಗ್ರಾಂ, ಅಂದರೆ ಕೆಜಿಗೆ 8 ಮೈಕ್ರೊಗ್ರಾಂ. ನಡುವೆ ಅರ್ಧ ದ್ರಾವಣ ಚೆಲ್ಲಿಹೋದರೂ ಅನುಪಾತ 0.8 ಆಗಿಯೇ ಉಳಿಯುತ್ತದೆ, ಏಕೆಂದರೆ ಎರಡೂ ಸಮನಾಗಿ ಕಳೆದುಹೋಗುತ್ತವೆ. ಇದೇ ಅದರ ಸೊಗಸು. ಕೈಕೊಡುವ ಜಾಗಗಳೂ ಇವೆ. ಗುರುತಿನ ಅಣು ಬರೀ ದ್ರಾವಣದಲ್ಲಿ ತೇಲುತ್ತಿದ್ದು, ಸಹಜ ಅಣು ಕಾಳಿನ ಒಳಗೆ ಅಂಟಿಕೊಂಡಿದ್ದರೆ ಅವು ಸಮನಾಗಿ ಬೆರೆತಿಲ್ಲ. ಆಗ ಅನುಪಾತ ಸುಳ್ಳು ಹೇಳುತ್ತದೆ. ಕಾರ್ಬನ್-13 ದುಬಾರಿ ಎಂದು ಡ್ಯೂಟೀರಿಯಂ ಗುರುತು ಬಳಸಿದರೆ, ಅದು ಕಾಲಮ್‌ನಿಂದ ಸ್ವಲ್ಪ ಮೊದಲೇ ಹೊರಬರಬಹುದು. ಆ ಕೆಲವೇ ಸೆಕೆಂಡುಗಳ ಅಂತರದಲ್ಲಿ ಜತೆಗೆ ಬರುವ ಕೊಬ್ಬು, ಬಣ್ಣ ಇತ್ಯಾದಿ ಬೇರೆಯಾಗಿರುತ್ತವೆ, ಅವು ಒಂದರ ಸಂಕೇತವನ್ನು ಅದುಮಿ ಇನ್ನೊಂದನ್ನು ಬಿಟ್ಟುಬಿಡುತ್ತವೆ. ಗುರುತಿನ ದ್ರಾವಣದಲ್ಲೇ ಒಂದಿಷ್ಟು ಸಹಜ ಅಣು ಸೇರಿರುವುದೂ ಉಂಟು. ಅತಿ ಕಡಿಮೆ ಮಟ್ಟದಲ್ಲಿ ಅದೇ ‘ಪತ್ತೆ’ಯಾಗಿ ವರದಿಯಾಗಿಬಿಡುತ್ತದೆ.

ಲ್ಯಾಬಿನ ಗಾಳಿಯೇ ಮಾದರಿಯಾದಾಗ

ಬಹಳ ಕಡಿಮೆ ಪ್ರಮಾಣಗಳಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಹೊರಗಿನ ಕಲ್ಮಶ. ಅಮೆರಿಕದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್‌ಸನ್ 1950ರ ದಶಕದಲ್ಲಿ ಉಲ್ಕಾಶಿಲೆಗಳ ಸೀಸದ ಐಸೋಟೋಪ್‌ಗಳಿಂದ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಕಂಡುಹಿಡಿದವರು. ಆ ಕೆಲಸದಲ್ಲಿ ಅವರನ್ನು ಕಾಡಿದ್ದು ಕಲ್ಲಿನ ಸೀಸವಲ್ಲ. ಗಾಳಿ, ಗಾಜು, ಆಮ್ಲ, ಬಟ್ಟೆ, ಕೂದಲಿನಿಂದ ಬರುತ್ತಿದ್ದ ಸೀಸ. ಅದನ್ನು ತಡೆಯಲು ಸೋಸಿದ ಗಾಳಿಯ ಅತಿಸ್ವಚ್ಛ ಕೋಣೆ ಕಟ್ಟಿ, ಆಮ್ಲಗಳನ್ನು ತಾವೇ ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಅದೇ ಶಿಸ್ತಿನಲ್ಲಿ ಸಮುದ್ರದ ನೀರನ್ನೂ ಧ್ರುವದ ಹಿಮವನ್ನೂ ಅಳೆದಾಗ, ಬೇರೆಯವರು ಅದುವರೆಗೆ ‘ಸಹಜ’ ಎಂದು ಕೊಟ್ಟ ಸೀಸದ ಅಂಕಿಗಳು ಬಹುಪಾಲು ಲ್ಯಾಬಿನ ಕೊಳೆಯೇ ಎಂದು ಗೊತ್ತಾಯಿತು. ಪೆಟ್ರೋಲಿನ ಸೀಸ ಇಡೀ ಭೂಮಿಯನ್ನು ಮಲಿನ ಮಾಡಿದೆ ಎಂದು ಹೇಳಲು ಅವರಿಗೆ ಸಾಧ್ಯವಾದದ್ದು ಈ ಸ್ವಚ್ಛ ಅಳತೆಯಿಂದ. ರಕ್ತದಲ್ಲಿನ ಕ್ರೋಮಿಯಂ ಕತೆಯೂ ಇದೇ ಬಗೆಯದು. ದಶಕಗಳು ಕಳೆದಂತೆ ‘ಆರೋಗ್ಯವಂತರ ರಕ್ತದ ಕ್ರೋಮಿಯಂ’ ಸಾವಿರಾರು ಪಟ್ಟು ಇಳಿಯಿತು. ಮನುಷ್ಯರು ಬದಲಾಗಲಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಸೂಜಿಯಿಂದ ಬರುತ್ತಿದ್ದ ಕ್ರೋಮಿಯಂ ನಿಂತಿತು, ಉಪಕರಣ ಸುಧಾರಿಸಿತು. ಆ ಹಳೆಯ ಅಂಕಿಗಳನ್ನು ನಂಬಿ ಕಟ್ಟಿದ ಪೋಷಣೆಯ ವಾದಗಳ ಗತಿ ಏನಾಗಿರಬೇಕು ನೋಡಿ.

ಔಷಧದ ಅಳತೆ: ಎರಡೂ ದಿಕ್ಕಿಗೆ ತಪ್ಪಿದ ಉದಾಹರಣೆ

2018ರ ಜುಲೈಯಲ್ಲಿ ರಕ್ತದೊತ್ತಡದ ಮಾತ್ರೆ ವಾಲ್ಸಾರ್ಟನ್‌ನಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್ ಇದೆಯೆಂದು ಹೊರಬಿತ್ತು. ಹಲವು ದೇಶಗಳು ಮಾತ್ರೆಗಳನ್ನು ವಾಪಸ್ ತರಿಸಿಕೊಂಡವು. ಅಷ್ಟು ದಿನ ಏಕೆ ಕಾಣಲಿಲ್ಲ? ದಿನಕ್ಕೆ ಒಪ್ಪಬಹುದಾದ ಮಿತಿ 96 ನ್ಯಾನೊಗ್ರಾಂ. ದಿನದ ಗರಿಷ್ಠ ಡೋಸ್ 320 ಮಿ.ಗ್ರಾಂ ಎಂದಿಟ್ಟುಕೊಂಡರೆ ಮಾತ್ರೆಯ ಔಷಧಾಂಶದಲ್ಲಿ 0.3 ಪಿಪಿಎಂ (ಹತ್ತು ಲಕ್ಷದಲ್ಲಿ 0.3 ಪಾಲು) ಮಾತ್ರ ಇರಬಹುದು. ಮಾಮೂಲಿ ಶುದ್ಧತೆ ಪರೀಕ್ಷೆ ವರದಿ ಮಾಡುವುದೇ ಶೇ 0.05ರಿಂದ, ಅಂದರೆ 500 ಪಿಪಿಎಂನಿಂದ ಮೇಲಕ್ಕೆ. ಪರೀಕ್ಷೆ ಮಾಡಲಾಗುತ್ತಿತ್ತು, ಆದರೆ ಅದು ಈ ವಸ್ತುವಿಗೆ ಕುರುಡು. ಹೊಸ ದ್ರಾವಕ, ಹೊಸ ತಯಾರಿಕಾ ಹಾದಿ ಬಂದಾಗ ಯಾವ ಹೊಸ ಕಲ್ಮಶ ಹುಟ್ಟಬಹುದು ಎಂದು ಮೊದಲೇ ಯೋಚಿಸಿ ವಿಧಾನ ಸಿದ್ಧಪಡಿಸುವವರು ಇರಲಿಲ್ಲ.

ಮರುವರ್ಷ ಅಸಿಡಿಟಿಯ ಮಾತ್ರೆ ರಾನಿಟಿಡಿನ್ ಸರದಿ. ಒಂದು ಖಾಸಗಿ ಲ್ಯಾಬ್ ಅದರಲ್ಲಿ ಬೆಚ್ಚಿಬೀಳಿಸುವಷ್ಟು ಎನ್‌ಡಿಎಂಎ ವರದಿ ಮಾಡಿತು. ಬಳಸಿದ ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಧಾನದಲ್ಲಿ ಮಾದರಿಯನ್ನು 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕಿತ್ತು. ಆ ಶಾಖದಲ್ಲಿ ರಾನಿಟಿಡಿನ್ ಅಣು ಒಡೆದು ಎನ್‌ಡಿಎಂಎ ಹುಟ್ಟುತ್ತಿತ್ತು. ಅಳತೆಯೇ ವಿಷವನ್ನು ತಯಾರಿಸುತ್ತಿತ್ತು. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಕಾಯಿಸದ ದ್ರವ ಕ್ರೊಮ್ಯಾಟೊಗ್ರಫಿ ವಿಧಾನಕ್ಕೆ ಬದಲಿಸಿದಾಗ ಅಂಕಿ ಬಹಳ ಕೆಳಗಿಳಿಯಿತು. ಹಾಗಂತ ಮಾತ್ರೆ ನಿರ್ದೋಷಿಯೂ ಆಗಲಿಲ್ಲ: ದಾಸ್ತಾನಿನಲ್ಲಿ ಕಾಲ ಕಳೆದಂತೆ, ಬಿಸಿಯಲ್ಲಿಟ್ಟಂತೆ ಎನ್‌ಡಿಎಂಎ ಹೆಚ್ಚುತ್ತದೆ ಎಂದು ತಿಳಿದು 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು.

ಮೂರನೆಯದು ಮಧುಮೇಹದ ಮೆಟ್‌ಫಾರ್ಮಿನ್. ಇಲ್ಲಿ ತಪ್ಪು ಇನ್ನೂ ಸೂಕ್ಷ್ಮ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಎನ್‌ಡಿಎಂಎ ಅಯಾನಿನ ತೂಕ 75.0553. ತಯಾರಿಕೆಯಲ್ಲಿ ಬಳಸುವ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕದ ತೂಕ 74.06, ಅದರಲ್ಲಿನ ಸಾರಜನಕ ಸಹಜವಾಗಿ ಸಿಗುವ ಸಾರಜನಕ-15 ಆದಾಗ ತೂಕ 75.0571. ಎರಡಕ್ಕೂ ಅಂತರ 0.0018. ಯಂತ್ರದ ವಿಭೇದನ ಶಕ್ತಿ ಸಾಲದಿದ್ದರೆ, ಕಾಲಮ್‌ನಲ್ಲೂ ಅವೆರಡು ಬೇರ್ಪಡದಿದ್ದರೆ, ದ್ರಾವಕವೇ ವಿಷವಾಗಿ ಎಣಿಕೆಯಾಗುತ್ತದೆ. ಎಫ್‌ಡಿಎ ಲ್ಯಾಬಿನವರು ಖಾಸಗಿ ಲ್ಯಾಬೊಂದರ ಹೆಚ್ಚುವರಿ ಅಂಕಿಗಳ ಕಾರಣ ಹುಡುಕಿ ಇದನ್ನು ತೋರಿಸಿದರು. ಕೋಟ್ಯಂತರ ಜನ ದಿನವೂ ನುಂಗುವ ಮಾತ್ರೆ ಇದು. ತಪ್ಪಾಗಿ ‘ಇದೆ’ ಎಂದರೆ ರೋಗಿಗಳು ಔಷಧ ಬಿಟ್ಟು ಸಕ್ಕರೆ ಏರಿಸಿಕೊಳ್ಳುತ್ತಾರೆ, ತಪ್ಪಾಗಿ ‘ಇಲ್ಲ’ ಎಂದರೆ ವಿಷ ನುಂಗುತ್ತಾರೆ. ನಮ್ಮ ಮಟ್ಟಿಗೆ, ದೇಶವೊಂದಕ್ಕೆ ಸ್ವಂತ ಮಾಪನ ಸಂಶೋಧನೆ ಬೇಕು ಎನ್ನುವುದಕ್ಕೆ ಈ ಮೂರು ಮಾತ್ರೆಗಳಿಗಿಂತ ಗಟ್ಟಿ ಪುರಾವೆ ಬೇಡ. ಮೂರೂ ಕಡೆ ಲ್ಯಾಬ್‌ಗಳಲ್ಲಿ ಒಳ್ಳೆಯ ಯಂತ್ರಗಳಿದ್ದವು. ವ್ಯತ್ಯಾಸ ತಂದದ್ದು, ವಿಧಾನವನ್ನು ಬಿಚ್ಚಿ ನೋಡಬಲ್ಲ ತಜ್ಞರು ಸರ್ಕಾರದ ಬಳಿ ಇದ್ದರೇ ಇಲ್ಲವೇ ಎಂಬುದು.

ಮಿತಿಯ ಅಂಚಿನಲ್ಲಿ ವ್ಯಾಪಾರ

ರಫ್ತಾದ ಸರಕು ಬಂದರಿನಲ್ಲಿ ನಿಂತುಹೋಗುವ ಸುದ್ದಿಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಕಳುಹಿಸಿದ ದೇಶದ ಲ್ಯಾಬ್ ಕೆಜಿಗೆ 8.5 ಮೈಕ್ರೊಗ್ರಾಂ ಎಂದಿತು, ತರಿಸಿಕೊಂಡ ದೇಶದ ಲ್ಯಾಬ್ 11.2 ಎಂದಿತು, ಮಿತಿ 10. ಕೂಡಲೇ ಒಬ್ಬರು ಮೋಸ ಎನ್ನುತ್ತಾರೆ, ಇನ್ನೊಬ್ಬರು ವ್ಯಾಪಾರದ ರಾಜಕೀಯ ಎನ್ನುತ್ತಾರೆ. ಎರಡೂ ಇಲ್ಲದಿರಬಹುದು. ಅಮೆರಿಕದ ಎಫ್‌ಡಿಎಯಲ್ಲಿದ್ದ ವಿಲಿಯಂ ಹಾರ್ವಿಟ್ಜ್ ಸಾವಿರಾರು ಅಂತರ-ಲ್ಯಾಬ್ ಫಲಿತಾಂಶಗಳನ್ನು ನೋಡಿ 1980ರಲ್ಲಿ ಒಂದು ನಿಯಮ ಕೊಟ್ಟರು: ಸಾಂದ್ರತೆ ನೂರು ಪಟ್ಟು ಇಳಿದಾಗಲೆಲ್ಲ ಲ್ಯಾಬ್‌ಗಳ ನಡುವಿನ ಚೆದುರುವಿಕೆ ಎರಡು ಪಟ್ಟಾಗುತ್ತದೆ. ಶುದ್ಧ ವಸ್ತುವಿನಲ್ಲಿ ಶೇ 2, ಶೇ 1ರ ಮಟ್ಟದಲ್ಲಿ ಶೇ 4, ಒಂದು ಪಿಪಿಎಂನಲ್ಲಿ ಶೇ 16, ಹತ್ತು ಪಿಪಿಬಿಯಲ್ಲಿ (ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು) ಶೇ 32. ಇತ್ತೀಚಿನ ವಿಧಾನಗಳು ಇದಕ್ಕಿಂತ ಚೆನ್ನಾಗಿವೆ. ಅತಿ ಕಡಿಮೆ ಮಟ್ಟಗಳಿಗೆ ಈಗ ಶೇ 22 ಎಂದೇ ಹಿಡಿಯುವುದು ರೂಢಿ. ಅದೇ ಲೆಕ್ಕದಲ್ಲಿ 8.5 ಮತ್ತು 11.2 ಒಂದೇ ಸರಕಿನ ಎರಡು ಪ್ರಾಮಾಣಿಕ ಉತ್ತರಗಳು.

ಅದಕ್ಕೂ ಮೊದಲು ಮಾದರಿ ತೆಗೆಯುವ ಸಮಸ್ಯೆ ಇದೆ. ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಎಲ್ಲ ಬೀಜಗಳಲ್ಲಿ ಸಮನಾಗಿ ಇರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡು ಬೂಷ್ಟು ಹಿಡಿದವು, ಅವುಗಳಲ್ಲಿ ವಿಷ ವಿಪರೀತ. ಒಂದು ಮುಷ್ಟಿ ತೆಗೆದರೆ ಬಹುತೇಕ ಸಲ ‘ಇಲ್ಲ’, ಅಪರೂಪಕ್ಕೆ ಒಮ್ಮೆ ಎಣಿಸಲಾರದಷ್ಟು. ಆದ್ದರಿಂದಲೇ ಐರೋಪ್ಯ ಒಕ್ಕೂಟದ ನಿಯಮದಲ್ಲಿ ದೊಡ್ಡ ಲಾಟಿನ ನೂರು ಕಡೆಗಳಿಂದ ತೆಗೆದು ಒಟ್ಟು 20 ಕೆಜಿ ಮಾದರಿ ಮಾಡಬೇಕು, ಅದನ್ನು ಪೂರ್ತಿ ನುಣ್ಣಗೆ ರುಬ್ಬಿ ಬೆರೆಸಬೇಕು. ರುಬ್ಬುವ ಯಂತ್ರ ಚಿಕ್ಕದೆಂದು ಎರಡು ಕೆಜಿ ಮಾತ್ರ ರುಬ್ಬಿದರೆ ಮುಂದಿನ ಮಾಸ್ ಸ್ಪೆಕ್ಟ್ರೋಮೀಟರ್ ಎಷ್ಟೇ ದುಬಾರಿಯಾಗಿರಲಿ, ತಪ್ಪು ಆಗಲೇ ಆಗಿಹೋಗಿದೆ.

ಅನಿಶ್ಚಿತತೆಗೆ ನೇರ ಬೆಲೆ ಇದೆ. ಹಲವು ದೇಶಗಳಲ್ಲಿ ಡೀಸೆಲ್‌ನಲ್ಲಿ ಗಂಧಕ ಕೆಜಿಗೆ 10 ಮಿ.ಗ್ರಾಂ ಮೀರಬಾರದು. ಸಂಸ್ಕರಣಾಗಾರದ ಅಳತೆಯ ಅನಿಶ್ಚಿತತೆ 2 ಮಿ.ಗ್ರಾಂ ಆದರೆ, ಹೊರಗೆ ಯಾರೋ ಅಳೆದಾಗ ಸಿಕ್ಕಿಬೀಳದಿರಲು ಅದು 8ಕ್ಕೆ ಇಳಿಸಿಯೇ ಕಳುಹಿಸಬೇಕು. ಆ ಎರಡು ಮಿ.ಗ್ರಾಂ ತೆಗೆಯಲು ಹೆಚ್ಚು ಹೈಡ್ರೋಜನ್, ಹೆಚ್ಚು ಶಾಖ, ಬೇಗ ಸವೆಯುವ ವೇಗವರ್ಧಕ. ಅನಿಶ್ಚಿತತೆ 1ಕ್ಕೆ ಇಳಿದರೆ ಗುರಿ 9 ಆಗುತ್ತದೆ. ಉಳಿತಾಯ ಸಂಸ್ಕರಣಾಗಾರದ್ದು, ಅದನ್ನು ಸಾಧ್ಯ ಮಾಡಿದ್ದು ಯಾರೋ ಐಸೋಟೋಪ್ ಡೈಲ್ಯೂಷನ್‌ನಲ್ಲಿ ಮೌಲ್ಯ ನಿಗದಿ ಮಾಡಿದ ಗಂಧಕದ ರೆಫರೆನ್ಸ್ ಮೆಟೀರಿಯಲ್, ಅಂದರೆ ಹೋಲಿಸಿ ನೋಡಲು ಬಳಸುವ, ಪ್ರಮಾಣ ಗೊತ್ತಿರುವ ಮಾದರಿ. ಆಸ್ಪತ್ರೆಗಳ ಲೆಕ್ಕವೂ ಇದೇ ತೆರನದು. ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ನಿಸ್ಟ್‌ಗಾಗಿ 2004ರಲ್ಲಿ ನಡೆದ ಅಧ್ಯಯನವೊಂದು ರಕ್ತದ ಕ್ಯಾಲ್ಸಿಯಂ ಪರೀಕ್ಷೆಯನ್ನು ನೋಡಿತು. ಡೆಸಿಲೀಟರಿಗೆ ಬರೀ 0.1 ಮಿ.ಗ್ರಾಂ, ಅಂದರೆ ಶೇ 1ರಷ್ಟು ಕ್ಯಾಲಿಬ್ರೇಶನ್ ಓರೆಯಾದರೂ ಅನಗತ್ಯ ಮರುಪರೀಕ್ಷೆ, ತಪಾಸಣೆಗಳಿಂದ ವರ್ಷಕ್ಕೆ 6 ಕೋಟಿ ಡಾಲರ್, 0.5 ಮಿ.ಗ್ರಾಂ ಓರೆಯಾದರೆ 19.9 ಕೋಟಿ ಡಾಲರ್ ಹೆಚ್ಚುವರಿ ವೆಚ್ಚವಾಗಬಹುದು ಎಂದು ಅಂದಾಜಿಸಿತು.

ಮಧುಮೇಹದ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಇನ್ನೊಂದು ಮಗ್ಗುಲು ಕಾಣುತ್ತದೆ. ಸಕ್ಕರೆ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ತೊಂದರೆ ಕಡಿಮೆಯಾಗುತ್ತದೆ ಎಂದು 1993ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಆದರೆ ಆ ಪ್ರಯೋಗದ ಗುರಿಯನ್ನು ಬೇರೆ ಊರಿನ ವೈದ್ಯರು ಹಾಗೇ ಬಳಸುವಂತಿರಲಿಲ್ಲ. ಒಂದೇ ರಕ್ತಕ್ಕೆ ಬೇರೆ ಬೇರೆ ಕಿಟ್‌ಗಳು ಬೇರೆ ಬೇರೆ ಅಂಕಿ ಕೊಡುತ್ತಿದ್ದವು. ಪ್ರಯೋಗದಲ್ಲಿ ಬಳಸಿದ ವಿಧಾನಕ್ಕೆ ತಯಾರಕರನ್ನು ಹೊಂದಿಸುವ ಕಾರ್ಯಕ್ರಮ 1996ರಲ್ಲಿ ಆರಂಭವಾಯಿತು, ಆಮೇಲೆ ಅಂತಾರಾಷ್ಟ್ರೀಯ ರೆಫರೆನ್ಸ್ ವಿಧಾನವೂ ಬಂತು. ಇಂದು ಶೇ 6.5 ಅಥವಾ ಮೋಲಿಗೆ 48 ಮಿಲಿಮೋಲ್ ಎಂಬ ಗೆರೆ ಎಲ್ಲೆಡೆ ಒಂದೇ ಅರ್ಥ ಕೊಡುವುದು ಈ ಹೊಂದಾಣಿಕೆಯಿಂದ. ಇಂಥಲ್ಲಿ ಒಂದು ಹೊಂಡ ಇದೆ, ಹೊಸಬರು ತಪ್ಪದೇ ಬೀಳುತ್ತಾರೆ: ಒಣಗಿಸಿ ಪುಡಿ ಮಾಡಿದ ರೆಫರೆನ್ಸ್ ಸೀರಂ ಪ್ರತಿಕಾಯ ಆಧಾರಿತ ಕಿಟ್‌ನಲ್ಲಿ ರೋಗಿಯ ತಾಜಾ ಸೀರಂನಂತೆ ವರ್ತಿಸುವುದಿಲ್ಲ. ಅದಕ್ಕೆ ಹೊಂದಿಸಿದರೆ ಕಿಟ್ ಮೊದಲಿಗಿಂತ ಕೆಡುತ್ತದೆ. ರೆಫರೆನ್ಸ್ ವಸ್ತು ರೋಗಿಯ ಮಾದರಿಯಂತೆಯೇ ನಡೆದುಕೊಳ್ಳುತ್ತದೆಯೇ ಎಂದು ಮೊದಲು ಪರೀಕ್ಷಿಸಿಯೇ ಬಳಸಬೇಕು.

ತೀರ್ಪು ಕೊಡುವವರು ಯಾರು

ಎರಡು ಲ್ಯಾಬ್ ಜಗಳವಾಡಿದಾಗ ಮೂರನೆಯವರು ಬೇಕು. ಬ್ರಿಟನ್ನಿನಲ್ಲಿ 1875ರ ಆಹಾರ-ಔಷಧ ಕಾಯ್ದೆಯಿಂದ ಈ ಏರ್ಪಾಡಿದೆ. ಅಧಿಕಾರಿ ತೆಗೆದ ಮಾದರಿಯನ್ನು ಮೂರು ಪಾಲು ಮಾಡುತ್ತಾರೆ: ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ವ್ಯಾಪಾರಿಗೆ, ಒಂದು ಮೊಹರಾಗಿ ಉಳಿಯುತ್ತದೆ. ಇಬ್ಬರ ಫಲಿತಾಂಶ ತಾಳೆಯಾಗದಿದ್ದರೆ ಮೂರನೆಯ ಪಾಲು ‘ಗವರ್ನಮೆಂಟ್ ಕೆಮಿಸ್ಟ್’ ಬಳಿ ಹೋಗುತ್ತದೆ. 2015ರಲ್ಲಿ ಜೀರಿಗೆ ಪುಡಿಯಲ್ಲಿ ಬಾದಾಮಿ ಪ್ರೋಟೀನ್ ಇದೆಯೆಂದು ಸರಕು ವಾಪಸಾಯಿತು. ಬಾದಾಮಿ ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೆ ಸಂಚಕಾರ. ಗವರ್ನಮೆಂಟ್ ಕೆಮಿಸ್ಟ್ ತಂಡ ನೋಡಿದಾಗ ಅದು ಬಾದಾಮಿಯ ಹತ್ತಿರದ ಬಂಧು ಮಹಲೆಬ್ ಎಂಬ ಚೆರ್ರಿ ಜಾತಿಯ ಬೀಜ ಎಂದು ಗೊತ್ತಾಯಿತು. ಕಿಟ್‌ನ ಪ್ರತಿಕಾಯಕ್ಕೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ; ಬೇರ್ಪಡಿಸಲು ಹೊಸ ಡಿಎನ್‌ಎ ಪರೀಕ್ಷೆಯನ್ನೇ ಕಟ್ಟಬೇಕಾಯಿತು. ಇಂಥ ಪರೀಕ್ಷೆಯನ್ನು ಕೆಲವೇ ವಾರಗಳಲ್ಲಿ ಕಟ್ಟಬೇಕಾದರೆ ತಂಡ ಮೊದಲೇ ಇರಬೇಕು, ಬೇರೆ ಏನನ್ನೋ ಸಂಶೋಧನೆ ಮಾಡುತ್ತ ಕೈ ಪಳಗಿಸಿಕೊಂಡಿರಬೇಕು. ಬಿಕ್ಕಟ್ಟು ಬಂದಮೇಲೆ ನೇಮಕಾತಿ ಮಾಡಿದರೆ ಆಗುವ ಕೆಲಸವಲ್ಲ.

ದೇಶಗಳ ನಡುವೆ ಈ ನಂಬಿಕೆಗೆ ಚೌಕಟ್ಟೂ ಇದೆ. ಅಂತಾರಾಷ್ಟ್ರೀಯ ತೂಕ-ಅಳತೆ ಸಮಿತಿ 1993ರಲ್ಲಿ ರಸಾಯನಶಾಸ್ತ್ರಕ್ಕಾಗಿ ಪ್ರತ್ಯೇಕ ಸಲಹಾ ಸಮಿತಿ ರಚಿಸಿತು. 1999ರಲ್ಲಿ ರಾಷ್ಟ್ರೀಯ ಮಾಪನ ಸಂಸ್ಥೆಗಳು ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವು. ಇದರಡಿ ಒಂದೇ ಮಾದರಿಯನ್ನು ಎಲ್ಲ ಸಂಸ್ಥೆಗಳಿಗೆ ಕಳುಹಿಸಿ, ಫಲಿತಾಂಶಗಳನ್ನು ಹೆಸರು ಸಮೇತ ಪ್ರಕಟಿಸುತ್ತಾರೆ. ಸೋತರೆ ಎಲ್ಲರಿಗೂ ಕಾಣುತ್ತದೆ. ಗೆದ್ದವರ ಸಾಮರ್ಥ್ಯ ಮಾತ್ರ ಅಂತಾರಾಷ್ಟ್ರೀಯ ಪಟ್ಟಿಗೆ ಸೇರುತ್ತದೆ. ಸಾಮಾನ್ಯ ಲ್ಯಾಬ್‌ಗಳಿಗೆ ಇರುವ ಪ್ರಾವೀಣ್ಯ ಪರೀಕ್ಷೆಗಳಲ್ಲಿ ಇನ್ನೊಂದು ಬಗೆಯ ಅಪಾಯ. ಅಲ್ಲಿ ಅಂಕ ಕೊಡುವುದು ‘ಜೆಡ್’ ಲೆಕ್ಕದಲ್ಲಿ: ನಿಗದಿತ ಮೌಲ್ಯದಿಂದ ಎಷ್ಟು ದೂರ ಇದ್ದೀರಿ ಎಂಬುದನ್ನು ಒಪ್ಪಿದ ಚೆದುರುವಿಕೆಯಿಂದ ಭಾಗಿಸುತ್ತಾರೆ, 2ರೊಳಗಿದ್ದರೆ ಸರಿ, 3 ಮುಟ್ಟಿದರೆ ಕ್ರಮ ಕೈಗೊಳ್ಳಬೇಕು. ನಿಗದಿತ ಮೌಲ್ಯವೇ ಭಾಗವಹಿಸಿದವರ ಸರಾಸರಿ ಆಗಿದ್ದರೆ? ಎಲ್ಲರೂ ಹೋಲಿಕೆಗೆ ಅದೇ ಶೇ 8 ನೀರಿರುವ ಪುಡಿಯನ್ನು ಸ್ಟ್ಯಾಂಡರ್ಡ್ ಆಗಿ ಬಳಸಿದ್ದರೆ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತದೆ, ಸರಿಯಾಗಿ ಅಳೆದ ಒಬ್ಬರು ಫೇಲಾಗಲೂಬಹುದು. ಮೌಲ್ಯವನ್ನು ಸ್ವತಂತ್ರವಾಗಿ, ರೆಫರೆನ್ಸ್ ವಿಧಾನದಲ್ಲಿ ನಿಗದಿ ಮಾಡುವ ಸಂಸ್ಥೆ ದೇಶದಲ್ಲಿ ಇಲ್ಲದಿದ್ದರೆ ಇದು ಗೊತ್ತಾಗುವುದೇ ಇಲ್ಲ.

ಹಣ ಎಲ್ಲಿಗೆ ಹೋಗಬೇಕು

ರೆಫರೆನ್ಸ್ ಮೆಟೀರಿಯಲ್ ಒಂದನ್ನು ಮಾಡುವ ದಾರಿ ನೋಡಿದರೆ ಮಾರುಕಟ್ಟೆ ಏಕೆ ಇದಕ್ಕೆ ಕೈಹಾಕುವುದಿಲ್ಲ ಎಂದು ತಿಳಿಯುತ್ತದೆ. ನೂರಾರು ಕೆಜಿ ಕಚ್ಚಾ ವಸ್ತು ತಂದು, ಒಣಗಿಸಿ, ಅರೆದು, ಜರಡಿ ಹಿಡಿದು, ಬೆರೆಸಿ, ಸಾವಿರಾರು ಬಾಟಲಿಗಳಿಗೆ ತುಂಬಬೇಕು. ಹತ್ತಿಪ್ಪತ್ತು ಬಾಟಲಿಗಳನ್ನು ಅಲ್ಲಲ್ಲಿಂದ ಎತ್ತಿ, ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸವಿದೆಯೇ ನೋಡಬೇಕು. ಬೇರೆ ಬೇರೆ ತಾಪಮಾನದಲ್ಲಿ ತಿಂಗಳುಗಳ ಕಾಲ ಇಟ್ಟು, ಕೊನೆಗೆ ಎಲ್ಲವನ್ನೂ ಒಂದೇ ದಿನ ಅಳೆದು ಕೆಡುತ್ತದೆಯೇ ತಿಳಿಯಬೇಕು. ಬೇರೆ ಬೇರೆ ದಿನ ಅಳೆದರೆ ಯಂತ್ರದ ಏರಿಳಿತವೇ ವಸ್ತುವಿನ ಬದಲಾವಣೆಯಂತೆ ಕಾಣುತ್ತದೆ. ಆಮೇಲೆ ಒಂದು ಪ್ರಾಥಮಿಕ ವಿಧಾನದಲ್ಲಿ ಇಲ್ಲವೇ ಪರಸ್ಪರ ಸಂಬಂಧವಿಲ್ಲದ ಹಲವು ವಿಧಾನಗಳಲ್ಲಿ ಮೌಲ್ಯ ನಿಗದಿ. ಎರಡು ಮೂರು ವರ್ಷಗಳ ಕೆಲಸ, ಖರೀದಿದಾರರು ಕೆಲವೇ ನೂರು ಲ್ಯಾಬ್‌ಗಳು. ಖರ್ಚನ್ನು ಬಾಟಲಿ ಬೆಲೆಗೆ ಹಾಕಿದರೆ ಯಾರೂ ಕೊಳ್ಳುವುದಿಲ್ಲ. ಹೊರದೇಶದ್ದನ್ನೇ ತರಿಸೋಣ ಎಂದರೆ, ಅಲ್ಲಿನ ಮಣ್ಣು, ಅಲ್ಲಿನ ಧಾನ್ಯ, ಅಲ್ಲಿನ ಅದಿರು ಇಲ್ಲಿನದರಂತೆ ಇರುವುದಿಲ್ಲ, ಜತೆಗೆ ಬರುವ ಅಡ್ಡಿಗಳೂ ಬೇರೆ.

ಬಜೆಟ್ ಬರೆಯುವವರು ಗಮನಿಸಬೇಕಾದ ಮಾತು ಇದು: ಯಂತ್ರದ ಬೆಲೆ ಒಮ್ಮೆ, ಉಳಿದದ್ದೆಲ್ಲ ಪ್ರತಿವರ್ಷ. ಐಸೋಟೋಪ್ ಗುರುತಿನ ಸ್ಟ್ಯಾಂಡರ್ಡ್‌ಗಳು, ಅತಿಶುದ್ಧ ಅನಿಲ, ಸರ್ವೀಸ್ ಒಪ್ಪಂದ, ಹೋಲಿಕೆ ಪರೀಕ್ಷೆಗಳ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ಜನ. ಒಂದು ವಿಧಾನದಲ್ಲಿ ಕೈ ಪಳಗಲು ವರ್ಷಗಳು ಬೇಕು; ಗುತ್ತಿಗೆ ಮೇಲೆ ಹನ್ನೊಂದು ತಿಂಗಳಿಗೆ ತೆಗೆದುಕೊಂಡವರು ಕಲಿಯುವಷ್ಟರಲ್ಲಿ ಹೊರಟಿರುತ್ತಾರೆ.

ಮುಂದಿನ ಪರೀಕ್ಷೆ ಆಗಲೇ ಬಾಗಿಲಲ್ಲಿದೆ. ಅಂಟದ ಪಾತ್ರೆ, ಮಳೆಕೋಟು, ಅಗ್ನಿಶಾಮಕ ನೊರೆಗಳಲ್ಲಿ ಬಳಸಿದ ಪಿಎಫ್‌ಎಎಸ್ ರಾಸಾಯನಿಕಗಳಿಗೆ ಅಮೆರಿಕ 2024ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಮಿತಿ ಹಾಕಿತು: ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ ಲೀಟರಿಗೆ 4 ನ್ಯಾನೊಗ್ರಾಂ. ಐರೋಪ್ಯ ಒಕ್ಕೂಟದಲ್ಲಿ ಇಪ್ಪತ್ತು ಪಿಎಫ್‌ಎಎಸ್‌ಗಳ ಮೊತ್ತ ಲೀಟರಿಗೆ 0.1 ಮೈಕ್ರೊಗ್ರಾಂ. ಈ ಮಟ್ಟದಲ್ಲಿ ಕ್ರೊಮ್ಯಾಟೊಗ್ರಫಿ ಪಂಪಿನೊಳಗಿನ ಟೆಫ್ಲಾನ್ ಕೊಳವೆಯೇ ಮಾದರಿಯನ್ನು ಕೆಡಿಸುತ್ತದೆ. ಕೊಳವೆ ಬದಲಿಸಬೇಕು, ಪಂಪಿನ ಕಲ್ಮಶ ತಡವಾಗಿ ಬರುವಂತೆ ಮಾದರಿ ಸೇರುವ ಜಾಗಕ್ಕಿಂತ ಮೊದಲೇ ಇನ್ನೊಂದು ಕಾಲಮ್ ಜೋಡಿಸಬೇಕು. ನೀರು ಹಿಡಿಯುವವರ ಬಟ್ಟೆಯಿಂದ, ಕೈಗೆ ಹಚ್ಚಿದ ಕ್ರೀಮಿನಿಂದ ಏನಾದರೂ ಸೇರಿತೇ ಎಂದು ತಿಳಿಯಲು ಅದೇ ಜಾಗದಲ್ಲಿ ಶುದ್ಧ ನೀರಿನ ಬ್ಲ್ಯಾಂಕ್ ತುಂಬಿ ತರಬೇಕು. ಪಿಎಫ್‌ಒಎಸ್ ಎಂದರೆ ಒಂದೇ ಅಣುವಲ್ಲ, ನೇರ ಸರಪಳಿಯದೂ ಕವಲೊಡೆದವೂ ಸೇರಿದ ಗುಂಪು. ಕವಲಿನ ಅಣುಗಳು ಡಿಟೆಕ್ಟರಿಗೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತವೆ. ನೇರ ಅಣುವಿನ ಸ್ಟ್ಯಾಂಡರ್ಡ್ ಒಂದನ್ನೇ ಇಟ್ಟು ಅಳೆದರೆ ಒಟ್ಟು ಮೊತ್ತ ತಪ್ಪುತ್ತದೆ. ಇಂಥದೇ ಮಿತಿಯನ್ನು ಐದು ವರ್ಷಗಳ ಬಳಿಕ ಕಾನೂನು ಮಾಡಲು ಬಯಸುವ ಸರ್ಕಾರ ಈ ವರ್ಷವೇ ಮೂರು ಕೆಲಸ ಶುರುಮಾಡಬೇಕು: ತನ್ನ ರಾಷ್ಟ್ರೀಯ ಸಂಸ್ಥೆಯಲ್ಲಿ ಬ್ಲ್ಯಾಂಕ್ ಲೀಟರಿಗೆ ಒಂದು ನ್ಯಾನೊಗ್ರಾಂಗಿಂತ ಕೆಳಗೆ ನಿಲ್ಲುವಂತೆ ಮಾಡುವುದು, ಕವಲು ಅಣುಗಳೂ ಸೇರಿದ ಸ್ಟ್ಯಾಂಡರ್ಡ್‌ಗೆ ಮೌಲ್ಯ ನಿಗದಿ ಮಾಡುವುದು, ದೇಶದ ನೀರು ಲ್ಯಾಬ್‌ಗಳಿಗೆ ಒಂದೇ ಮಾದರಿ ಹಂಚಿ ಎಷ್ಟು ಚೆದುರುತ್ತವೆ ಎಂದು ನೋಡುವುದು. ಆ ಚೆದುರುವಿಕೆ ಎಷ್ಟು ಎಂದು ಗೊತ್ತಾದಮೇಲೆ ಮಾತ್ರ ಮಿತಿ 4 ಆಗಬೇಕೋ 10 ಆಗಬೇಕೋ ಎಂಬ ಚರ್ಚೆಗೆ ಕೂರಬಹುದು.